ಮಾನಿಟರ್‌ಗೆ ಯಾವ ಕೇಬಲ್? ದುಡ್ಡು ದಂಡವಾಗದಂತೆ ಒಂಬತ್ತು ಸೂತ್ರಗಳು

144 ಹರ್ಟ್ಸ್ ಮಾನಿಟರ್ ತಂದು 60ರಲ್ಲೇ ಓಡಿಸುತ್ತಿರುವವರು ಬೇಕಾದಷ್ಟು ಜನ ಇದ್ದಾರೆ. 4ಕೆ ಪರದೆಯ ಮೇಲೆ ಮೌಸ್ ಬಾಣ ಯಾಕೆ ತಡವರಿಸುತ್ತಿದೆ ಎಂದು ತಲೆ ಕೆರೆದುಕೊಳ್ಳುವವರೂ ಇದ್ದಾರೆ. ಬಹಳ ಸಲ ಮಾನಿಟರ್‌ನಲ್ಲಿ ಏನೂ ಐಬಿರುವುದಿಲ್ಲ, ಹಿಂದೆ ಸಿಕ್ಕಿಸಿದ ಕೇಬಲ್ಲಿನದೋ ಪೋರ್ಟಿನದೋ ತಕರಾರು. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ನೋಡಲು ಒಂದೇ ಥರ ಇರುವ ಕೇಬಲ್‌ಗಳಿಗೆ ಹತ್ತಾರು ಬೆಲೆ. ಒಂದು ಮಾತು ಮೊದಲೇ ತಿಳಿದಿರಲಿ: ದುಬಾರಿ ಕೇಬಲ್ ಚಿತ್ರವನ್ನು ಚೆಂದ ಮಾಡುವುದಿಲ್ಲ, ಸಾಮರ್ಥ್ಯ ಸಾಲದ ಕೇಬಲ್ ಮಾತ್ರ ಕೆಡಿಸುತ್ತದೆ.

1. ಎರಡೂ ಕಡೆಯ ಪೋರ್ಟ್ ನೋಡಿ

ಕಂಪ್ಯೂಟರ್ ಮತ್ತು ಮಾನಿಟರ್ ಎರಡರ ಬೆನ್ನನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಕೆಳಗಿನ ಎರಡೂ ಮೂಲೆ ಒಳಕ್ಕೆ ಸರಿದಿದ್ದರೆ ಎಚ್‌ಡಿಎಂಐ. ಒಂದೇ ಮೂಲೆ ಓರೆಯಾಗಿ ಕತ್ತರಿಸಿದಂತಿದ್ದರೆ ಡಿಸ್‌ಪ್ಲೇಪೋರ್ಟ್. ಮೂರು ಸಾಲಿನಲ್ಲಿ 15 ತೂತು, ಅಕ್ಕಪಕ್ಕ ತಿರುಪು ಇದ್ದರೆ ವಿಜಿಎ. ಅಗಲವಾಗಿ, ಸಾಮಾನ್ಯವಾಗಿ ಬಿಳಿ ಬಣ್ಣದಲ್ಲಿರುವುದು ಡಿವಿಐ. ಚಿಕ್ಕದಾಗಿ ಎರಡೂ ತುದಿ ದುಂಡಗಿರುವುದು ಯುಎಸ್‌ಬಿ-ಸಿ. ಅಂಗಡಿಯಲ್ಲಿ ಬಾಯಲ್ಲಿ ವಿವರಿಸುವುದಕ್ಕಿಂತ ಫೋಟೊ ತೋರಿಸುವುದು ಲೇಸು.

2. ಒಂದು ಗುಣಾಕಾರ ಮಾಡಿ

ಪರದೆಯ ಅಡ್ಡ ಪಿಕ್ಸೆಲ್, ಉದ್ದ ಪಿಕ್ಸೆಲ್, ಬಣ್ಣದ 24 ಬಿಟ್, ಹರ್ಟ್ಸ್ — ನಾಲ್ಕನ್ನೂ ಗುಣಿಸಿ. 1920×1080 ಪರದೆಗೆ 60 ಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಬೇಕು. 3840×2160ರ 4ಕೆ ಪರದೆಗೆ ಅದೇ 60 ಹರ್ಟ್ಸ್‌ನಲ್ಲಿ ಸುಮಾರು 12 ಗಿಗಾಬಿಟ್. ಮೇಲುಖರ್ಚು ಅಂತ ಇನ್ನಷ್ಟು ಸೇರುತ್ತದೆ.

ಈಗ ಪೋರ್ಟಿನ ಲೆಕ್ಕ. ಎಚ್‌ಡಿಎಂಐ 1.4ರ ಮಿತಿ 10.2 ಗಿಗಾಬಿಟ್. ಹಾಗಾಗಿಯೇ ಅದರಲ್ಲಿ 4ಕೆ ಚಿತ್ರ 30 ಹರ್ಟ್ಸ್‌ಗೆ ನಿಲ್ಲುತ್ತದೆ, ಬಾಣ ತಡವರಿಸುತ್ತದೆ. 2013ರಲ್ಲಿ ಬಂದ 2.0ಕ್ಕೆ 18 ಗಿಗಾಬಿಟ್, 4ಕೆಗೆ 60 ಹರ್ಟ್ಸ್ ಸಲೀಸು. 2017ರ 2.1ರ ಗರಿಷ್ಠ ಮಿತಿ 48. ಡಿಸ್‌ಪ್ಲೇಪೋರ್ಟ್ 1.2ಕ್ಕೆ 21.6, 1.4ಕ್ಕೆ 32.4.

3. ಮೂರರಲ್ಲಿ ಕಡಿಮೆ ಯಾವುದೋ ಅದೇ ಅಂತಿಮ

ಕಂಪ್ಯೂಟರಿನ ಪೋರ್ಟ್, ಕೇಬಲ್, ಮಾನಿಟರಿನ ಪೋರ್ಟ್ — ಮೂರೂ ಸಮನಾಗಿರಬೇಕು. ಹಳೆಯ ಲ್ಯಾಪ್‌ಟಾಪ್‌ಗೆ 48 ಗಿಗಾಬಿಟ್ ಕೇಬಲ್ ಹಾಕಿದರೆ ಕೇಬಲ್ ಕಂಪನಿಗೆ ಲಾಭ, ನಿಮಗಲ್ಲ. ಇನ್ನೊಂದು ವಿಷಯ: ಕೆಲವು ಮಾನಿಟರ್‌ಗಳು ಪೂರ್ತಿ ವೇಗ ಕೊಡುವುದು ಡಿಸ್‌ಪ್ಲೇಪೋರ್ಟಿನಲ್ಲಿ ಮಾತ್ರ, ಎಚ್‌ಡಿಎಂಐಯಲ್ಲಿ ಕಡಿಮೆ. ಪೆಟ್ಟಿಗೆಯಲ್ಲಿರುವ ಕೈಪಿಡಿಯಲ್ಲಿ ಪೋರ್ಟಿಗೆ ಇಷ್ಟು ಹರ್ಟ್ಸ್ ಎಂದು ಬರೆದಿರುತ್ತದೆ. ಆ ಒಂದು ಪುಟ ಓದಿ.

4. ಆವೃತ್ತಿ ಬಿಡಿ, ದರ್ಜೆ ಕೇಳಿ

‘2.1 ಕೇಬಲ್’ ಎಂದು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಎಚ್‌ಡಿಎಂಐ ಕೇಬಲ್‌ಗೆ ಅಧಿಕೃತವಾಗಿ ಇರುವುದು ದರ್ಜೆ. 18 ಗಿಗಾಬಿಟ್‌ಗೆ ‘ಪ್ರೀಮಿಯಂ ಹೈ ಸ್ಪೀಡ್’, 48ಕ್ಕೆ ‘ಅಲ್ಟ್ರಾ ಹೈ ಸ್ಪೀಡ್’. ಪರೀಕ್ಷೆ ಪಾಸಾದ ಕೇಬಲ್ಲಿನ ಪೊಟ್ಟಣದ ಮೇಲೆ ಸ್ಕ್ಯಾನ್ ಮಾಡಿ ನೋಡಬಹುದಾದ ಲೇಬಲ್ ಇರುತ್ತದೆ. ಡಿಸ್‌ಪ್ಲೇಪೋರ್ಟಿನಲ್ಲಿ ‘ಡಿಪಿ40’, ‘ಡಿಪಿ80’ ಎಂಬ ಗುರುತುಗಳಿವೆ, ಅಂದರೆ ಗರಿಷ್ಠ 40 ಮತ್ತು 80 ಗಿಗಾಬಿಟ್. ಹಾಸಿಗೆ ಇದ್ದಷ್ಟು ಕಾಲು ಚಾಚಿ: 1080 ಪರದೆಯ ಆಫೀಸು ಕೆಲಸಕ್ಕೆ ಸಾದಾ ಹೈ ಸ್ಪೀಡ್ ಕೇಬಲ್ ಧಾರಾಳವಾಗಿ ಸಾಕು.

5. ಯುಎಸ್‌ಬಿ-ಸಿ ಇದ್ದಲ್ಲೆಲ್ಲ ಚಿತ್ರ ಬರುವುದಿಲ್ಲ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಪೋರ್ಟಿನ ಆಕಾರ ಒಂದೇ, ಒಳಗಿನ ಕೆಲಸ ಬೇರೆ ಬೇರೆ. ಪಕ್ಕದಲ್ಲಿ ಮಿಂಚಿನ ಗುರುತೋ, ಡಿ ಮತ್ತು ಪಿ ಅಕ್ಷರ ಹೆಣೆದ ಚಿಹ್ನೆಯೋ ಇದೆಯೇ ನೋಡಿ. ಚಿಹ್ನೆ ಇಲ್ಲದಿದ್ದರೆ ಲ್ಯಾಪ್‌ಟಾಪಿನ ವಿವರಪಟ್ಟಿಯಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಎಂಬ ಸಾಲು ಹುಡುಕಿ. ಕೇಬಲ್ಲಿನದೂ ಅದೇ ಕಥೆ. ಫೋನ್ ಚಾರ್ಜರ್ ಜತೆ ಬರುವ ಕೇಬಲ್ ಬಹುಪಾಲು ಯುಎಸ್‌ಬಿ 2.0 ಬಗೆಯದು. ಚಿತ್ರ ಸಾಗಿಸುವ ವೇಗದ ತಂತಿಗಳೇ ಅದರೊಳಗೆ ಇರುವುದಿಲ್ಲ. ಒಂದೇ ಕೇಬಲ್ಲಿನಲ್ಲಿ ಚಿತ್ರವೂ ಬರಲಿ, ಲ್ಯಾಪ್‌ಟಾಪ್ ಚಾರ್ಜೂ ಆಗಲಿ ಎನ್ನುವವರು ವ್ಯಾಟ್ ಸಂಖ್ಯೆಯನ್ನೂ ಕೇಳಿ ಕೊಳ್ಳಬೇಕು.

6. ಅಡಾಪ್ಟರ್‌ಗೆ ದಿಕ್ಕುಂಟು

ಕಂಪ್ಯೂಟರಿನಲ್ಲಿ ಡಿಸ್‌ಪ್ಲೇಪೋರ್ಟ್, ಮಾನಿಟರಿನಲ್ಲಿ ಎಚ್‌ಡಿಎಂಐ ಇದ್ದರೆ ಸಾಮಾನ್ಯವಾಗಿ ಅಗ್ಗದ ಅಡಾಪ್ಟರ್ ನಡೆಯುತ್ತದೆ. ಇದೇ ಉಲ್ಟಾ ಆದರೆ ಒಳಗೆ ಚಿಪ್ ಇರುವ ‘ಆ್ಯಕ್ಟಿವ್’ ಪರಿವರ್ತಕವೇ ಬೇಕು. ಅದಕ್ಕೆ ಬಹುತೇಕ ಪ್ರತ್ಯೇಕ ಯುಎಸ್‌ಬಿ ವಿದ್ಯುತ್ತೂ ಬೇಕು. ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವಾಗಲೂ ಡಿಜಿಟಲ್ ಸಂಕೇತವನ್ನು ಅನಲಾಗ್ ಮಾಡುವ ಚಿಪ್ ಬೇಕು. ಕೊಳ್ಳುವಾಗ ‘ಎಲ್ಲಿಂದ ಎಲ್ಲಿಗೆ’ ಎಂದು ಹೇಳಿಯೇ ಕೇಳಿ.

7. ಉದ್ದದ ಆಸೆ ಬೇಡ

ಮೇಜಿನ ಮೇಲಿನ ಮಾನಿಟರ್‌ಗೆ ಎರಡು ಮೀಟರ್ ಸಾಕು. ವೇಗ ಹೆಚ್ಚಿದಷ್ಟೂ ತಾಮ್ರದ ಕೇಬಲ್ ತಡೆದುಕೊಳ್ಳುವ ದೂರ ಕಡಿಮೆ. ಸಭಾಂಗಣದ ಪ್ರೊಜೆಕ್ಟರ್‌ನಂಥ ದೂರಕ್ಕೆ ಆ್ಯಕ್ಟಿವ್ ಅಥವಾ ಆಪ್ಟಿಕಲ್ ಕೇಬಲ್ ಬೇಕು. ಅವುಗಳ ಒಂದು ತುದಿಯಲ್ಲಿ ‘ಸೋರ್ಸ್’, ಇನ್ನೊಂದರಲ್ಲಿ ‘ಡಿಸ್‌ಪ್ಲೇ’ ಎಂದಿರುತ್ತದೆ. ಅದಲು ಬದಲಾದರೆ ಪರದೆ ಕಪ್ಪು. ಗೋಡೆಯೊಳಗೆ ಎಳೆಸುವ ಮುನ್ನ ಹೊರಗೇ ಒಮ್ಮೆ ಹಚ್ಚಿ ನೋಡಿ.

8. ಚಿನ್ನದ ಲೇಪಕ್ಕೆ ಮರುಳಾಗಬೇಡಿ

ಚಿನ್ನದ ಲೇಪ ತುಕ್ಕು ತಡೆಯುತ್ತದೆ, ಬಣ್ಣ ಹೆಚ್ಚಿಸುವುದಿಲ್ಲ. ಮಂಗಳೂರು, ಕಾರವಾರದಂಥ ಉಪ್ಪುಗಾಳಿಯ ಊರಿನಲ್ಲಿ ಅದರಿಂದ ಉಪಯೋಗವುಂಟು, ಅಷ್ಟೆ. ಡಿಜಿಟಲ್ ಕೇಬಲ್ ದಣಿದರೆ ಚಿತ್ರ ಮಸುಕಾಗುವುದಿಲ್ಲ: ಅಲ್ಲಲ್ಲಿ ಬಿಳಿ ಚುಕ್ಕೆ ಮಿನುಗುತ್ತವೆ, ಪರದೆ ಕ್ಷಣಕಾಲ ಕಪ್ಪಾಗಿ ಮರಳುತ್ತದೆ. 1987ರಲ್ಲಿ ಐಬಿಎಂ ತಂದ ವಿಜಿಎ ಅನಲಾಗ್ ಆದ್ದರಿಂದ ಅದರ ಮಾತು ಬೇರೆ. ಕಳಪೆ ವಿಜಿಎ ಕೇಬಲ್ಲಿನಲ್ಲಿ ಅಕ್ಷರಗಳ ಬೆನ್ನಿಗೆ ನೆರಳು ಬೀಳುತ್ತದೆ.

9. ಸಿಕ್ಕಿಸಿದ ಮೇಲೆ ಪರೀಕ್ಷಿಸಿ

ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಕೇಬಲ್ ಅದಕ್ಕೇ ಹೋಗಬೇಕು, ಮದರ್‌ಬೋರ್ಡಿನ ಪೋರ್ಟಿಗಲ್ಲ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ಹರ್ಟ್ಸ್ ಎಷ್ಟಿದೆ ನೋಡಿ, ಕಡಿಮೆಯಿದ್ದರೆ ಅಲ್ಲೇ ಏರಿಸಿ. ಆಯ್ಕೆಯೇ ಕಾಣದಿದ್ದರೆ ಮಾನಿಟರಿನ ಸ್ವಂತ ಮೆನುವಿನಲ್ಲಿ ಪೋರ್ಟಿನ ಆವೃತ್ತಿ ಕೆಳಗಿಳಿಸಿಟ್ಟಿದೆಯೇ ನೋಡಿ. ಬಿಚ್ಚುವಾಗ ಡಿಸ್‌ಪ್ಲೇಪೋರ್ಟಿನ ಮೇಲಿನ ಗುಂಡಿ ಒತ್ತಿ ಎಳೆಯಿರಿ, ಜಗ್ಗಿದರೆ ಪೋರ್ಟೇ ಕಿತ್ತು ಬಂದೀತು.

ಕೇಬಲ್ ತರಲು ಹೊರಡುವ ಮುನ್ನ ಚೀಟಿಯಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ಎರಡೂ ಕಡೆಯ ಪೋರ್ಟ್, ಬೇಕಾದ ರೆಸಲ್ಯೂಷನ್ ಮತ್ತು ಹರ್ಟ್ಸ್, ಅಳೆದು ನೋಡಿದ ಉದ್ದ. ಈ ಮೂರಕ್ಕೆ ಹೊಂದುವ ಕೇಬಲ್‌ಗಳಲ್ಲಿ ಪರೀಕ್ಷೆಯ ಲೇಬಲ್ ಇರುವ ಅಗ್ಗದ್ದನ್ನು ಆರಿಸಿ, ಬಿಲ್ ಮರೆಯದೆ ಪಡೆಯಿರಿ. ಉಳಿದ ದುಡ್ಡು ಮಾನಿಟರಿಗೇ ಹಾಕಿ. ಚಿತ್ರ ಚೆಂದವಾಗುವುದು ಅಲ್ಲಿ.