ಕಂಪ್ಯೂಟರ್ ಕೊಳ್ಳುವುದು ಈಗಲೋ, ಇನ್ನಷ್ಟು ಕಾದ ಮೇಲೋ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರನಿಗೆ ಕಾಯುವ ವಿದ್ಯೆಯನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಕಾಯಿಗಳನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ತಿರುಳು ಚಿಪ್ಪನ್ನು ಬಿಡುವವರೆಗೆ ಹತ್ತು ಹನ್ನೊಂದು ತಿಂಗಳು ತಾಳಿಕೊಂಡಿದ್ದು, ಉಂಡೆ ಕೊಬ್ಬರಿಯಾದ ಬಳಿಕವೂ ಧಾರಣೆ ಮನಸ್ಸಿಗೊಪ್ಪದಿದ್ದರೆ ಇನ್ನೂ ಕೆಲವು ಹರಾಜುಗಳನ್ನು ನೋಡಿದ ಮೇಲೆಯೇ ಮಾಲನ್ನು ತಿಪಟೂರಿನ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಸಾಗಿಸುವುದು ಇಲ್ಲಿಯ ರೂಢಿ. 2023ರಲ್ಲಿ, ಕ್ವಿಂಟಲಿಗೆ 11,750 ರೂಪಾಯಿಯೆಂದು ಗೊತ್ತಾಗಿದ್ದ ಬೆಂಬಲ ಬೆಲೆಗಿಂತಲೂ ಕೆಳಗೆ ಕುಸಿದಿದ್ದ ಕೊಬ್ಬರಿ, 2025ರ ನಡುವಿನ ಹೊತ್ತಿಗೆ 20,000 ರೂಪಾಯಿಯನ್ನು ದಾಟಿದುದನ್ನು ಕಣ್ಣಾರೆ ಕಂಡವರು ತಾಳ್ಮೆಗೆ ಫಲವುಂಟೆಂದು ನಂಬುವುದು ಸಹಜವೇ ಸರಿ.

ಆದರೆ ಅದೇ ನ್ಯಾಯವನ್ನು ಕಂಪ್ಯೂಟರಿನ ಖರೀದಿಗೂ ಅನ್ವಯಿಸಿ, ಇನ್ನೊಂದು ವರ್ಷ ತಡೆದರೆ ಇದಕ್ಕಿಂತ ಒಳ್ಳೆಯ ಯಂತ್ರ ಬಂದೀತು, ಬೆಲೆಯೂ ಇಳಿದೀತು ಎಂದು ಕುಳಿತುಬಿಡುವುದು ಎಷ್ಟರಮಟ್ಟಿಗೆ ಸಮಂಜಸವೆಂಬುದು ವಿಚಾರಾರ್ಹವಾದ ಪ್ರಶ್ನೆ. ಅಟ್ಟದಲ್ಲಿ ಕೊಬ್ಬರಿಯನ್ನಿಟ್ಟು ಕಾಯುವವನು ಮಾರುವವನು. ಕಂಪ್ಯೂಟರಿಗಾಗಿ ಕಾಯುವವನಾದರೋ ಕೊಳ್ಳುವವನು, ಮತ್ತು ಅವನು ಕಾಯುತ್ತಿರುವಷ್ಟು ದಿನವೂ ಅವನ ಕೆಲಸ ಹಳೆಯ ಯಂತ್ರದ ಮೇಲೆ ಕುಂಟುತ್ತಲೇ ಸಾಗಬೇಕು. ಆದಕಾರಣ ಕೊಳ್ಳುವ ದಿನವನ್ನು ನಮ್ಮ ಕೆಲಸದ ಲೆಕ್ಕದಿಂದಲೇ ಗೊತ್ತುಮಾಡಿಕೊಳ್ಳಬೇಕು. ಆ ಲೆಕ್ಕವನ್ನು ಹಾಕುವ ಕ್ರಮವನ್ನು ಮುಂದೆ ಆರು ಹಂತಗಳಲ್ಲಿ ನಿರೂಪಿಸಿದೆ.

1. ಕೆಲಸವನ್ನು ಬರೆದುಕೊಳ್ಳಿ

ಪಹಣಿ ನೋಡುವುದು, ಆ ದಿನದ ಕೊಬ್ಬರಿ ಧಾರಣೆಯನ್ನು ತಿಳಿಯುವುದು, ಬ್ಯಾಂಕಿನ ವ್ಯವಹಾರ ನಡೆಸುವುದು ಇವಿಷ್ಟೇ ಅಗತ್ಯವಾಗಿದ್ದರೆ ಕೈಯಲ್ಲಿರುವ ಫೋನೇ ಸಾಕು. ಬೆಂಬಲ ಬೆಲೆಯ ಖರೀದಿಗೆ ಹೆಸರು ನೋಂದಾಯಿಸಲು 2024ರಲ್ಲಿ ಬೆಳೆಗಾರರೇ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಡಬೇಕಾಯಿತಲ್ಲದೆ, ಮನೆಯಲ್ಲಿ ಕಂಪ್ಯೂಟರ್ ಇದ್ದುದರಿಂದ ಯಾರಿಗೂ ಸರದಿಯ ಸಾಲು ತಪ್ಪಲಿಲ್ಲ. ಇಂಥವರು ಈಗಲೂ ಕೊಳ್ಳಬೇಕಾಗಿಲ್ಲ, ಕಾಯಬೇಕಾಗಿಯೂ ಇಲ್ಲ.

ಮಂಡಿಯವರ ಸಂಗತಿ ಬೇರೆ. ಲಾಟುಗಳಿಗೆ ಆನ್‌ಲೈನಿನಲ್ಲಿ ಟೆಂಡರ್ ಬರೆಯುವುದು, ಜಿ.ಎಸ್.ಟಿ. ಬಿಲ್ಲು, ಇ-ವೇ ಬಿಲ್ಲು, ಟ್ಯಾಲಿಯ ಲೆಕ್ಕ, ಡಿಜಿಟಲ್ ಸಹಿ ಇವೆಲ್ಲಕ್ಕೂ ಅವರಿಗೆ ಕಂಪ್ಯೂಟರ್ ಅನಿವಾರ್ಯ. ಆದರೆ ಈ ಕೆಲಸಗಳಲ್ಲಿ ಯಾವುದೂ ಭಾರೀ ಶಕ್ತಿಯ ಯಂತ್ರವನ್ನು ಬೇಡುವಂಥದಲ್ಲ. ಇಂಜಿನಿಯರಿಂಗ್ ಓದುವ ಮಗಳಿಗೆ, ಲಗ್ನಪತ್ರಿಕೆ ಮತ್ತು ಫ್ಲೆಕ್ಸ್ ವಿನ್ಯಾಸಗೊಳಿಸುವ ಡಿ.ಟಿ.ಪಿ. ಅಂಗಡಿಯವನಿಗೆ ಬೇಕಾದ ಸಾಮರ್ಥ್ಯ ಇದಕ್ಕಿಂತ ಹೆಚ್ಚಿನದು. ಯಾರು, ಯಾವ ಕೆಲಸಕ್ಕೆ, ದಿನಕ್ಕೆ ಎಷ್ಟು ಹೊತ್ತು ಬಳಸುತ್ತಾರೆಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳದೆ ಅಂಗಡಿಯ ಮೆಟ್ಟಿಲು ಹತ್ತಬಾರದು.

2. ಹಳೆಯ ಯಂತ್ರವನ್ನು ಒಮ್ಮೆ ಬಿಚ್ಚಿ ನೋಡಿ

ತೆಂಗಿನ ನಾರಿನ ಘಟಕದ ಕಚೇರಿಯಲ್ಲೋ, ಕೊಬ್ಬರಿ ಸುಲಿಯುವ ಗೋದಾಮಿಗೆ ತಗುಲಿದ ಕೋಣೆಯಲ್ಲೋ ಇರಿಸಿದ ಕಂಪ್ಯೂಟರಿನ ಪಕ್ಕದ ತಗಡನ್ನು ತೆಗೆದರೆ, ಫ್ಯಾನಿನ ರೆಕ್ಕೆಗಳಿಗೂ ಅದರಡಿಯ ಲೋಹದ ಪದರಗಳಿಗೂ ನಡುವೆ ಕಂದು ಬಣ್ಣದ ನಾರಿನ ಪುಡಿ ಕಂಬಳಿಯಂತೆ ಹೆಣೆದುಕೊಂಡಿರುವುದು ಕಾಣಿಸುತ್ತದೆ. ಗಾಳಿ ಹಾಯದೆ ಕಾದ ಪ್ರೊಸೆಸರ್ ತನ್ನನ್ನು ತಾನೇ ರಕ್ಷಿಸಿಕೊಳ್ಳುವುದಕ್ಕಾಗಿ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಯಜಮಾನರು ಅದನ್ನು ಮುಪ್ಪೆಂದು ತಿಳಿದು ಹೊಸದರ ಯೋಚನೆಗೆ ತೊಡಗುತ್ತಾರೆ. ವಿದ್ಯುತ್ ಸಂಪರ್ಕವನ್ನು ತೆಗೆದು, ಮೆತ್ತನೆಯ ಕುಂಚದಿಂದಲೂ ಗಾಳಿಯ ಬ್ಲೋವರಿನಿಂದಲೂ ಆ ಪುಡಿಯನ್ನು ತೊಲಗಿಸಿದರೆ ಎಷ್ಟೋ ಯಂತ್ರಗಳು ಹಳೆಯ ಚುರುಕಿಗೆ ಮರಳುವುದುಂಟು.

ಎರಡನೆಯದಾಗಿ, ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದರ ಸ್ಥಾನದಲ್ಲಿ ಎಸ್.ಎಸ್.ಡಿ. ಹಾಕಿಸುವುದು ಹಳೆಯ ಕಂಪ್ಯೂಟರಿಗೆ ಮಾಡಬಹುದಾದ ಅತ್ಯಂತ ಫಲಪ್ರದವಾದ ಚಿಕಿತ್ಸೆ. ರ‍್ಯಾಮ್ 4 ಜಿ.ಬಿ. ಮಾತ್ರ ಇದ್ದರೆ 8ಕ್ಕೆ ಏರಿಸಬಹುದೇ ಎಂದು ರಿಪೇರಿಯವರನ್ನು ವಿಚಾರಿಸಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುವುದರಿಂದ ಏರಿಸಲು ಬರುವುದಿಲ್ಲ.

3. ವಿಂಡೋಸಿನ ಅವಧಿಯನ್ನು ತಿಳಿಯಿರಿ

ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅದನ್ನು ನಡೆಸುವ ತಂತ್ರಾಂಶಕ್ಕೆ ಒಂದು ಆಯುಸ್ಸುಂಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಮನೆಯ ಬಳಕೆದಾರರು ನೋಂದಾಯಿಸಿಕೊಂಡಲ್ಲಿ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ತಿದ್ದುಪಡಿಗಳು ದೊರೆಯುವ ಏರ್ಪಾಡನ್ನೂ ಆ ಸಂಸ್ಥೆ ಮಾಡಿತು. ಬೆಂಬಲ ಮುಗಿದ ಕಂಪ್ಯೂಟರ್ ಮರುದಿನವೇ ನಿಂತುಹೋಗುವುದಿಲ್ಲ. ಆದರೆ ಬ್ಯಾಂಕಿನ ಪಾಸ್‌ವರ್ಡು, ಡಿಜಿಟಲ್ ಸಹಿಯ ಟೋಕನ್ ಇವುಗಳನ್ನು ನಿತ್ಯ ಬಳಸುವ ಮಂಡಿಯಲ್ಲಿ ಅಂಥದನ್ನು ಇಟ್ಟುಕೊಳ್ಳುವುದು ಅಪಾಯಕರ.

ವಿಂಡೋಸ್ 11ಕ್ಕೆ ಕನಿಷ್ಠ 4 ಜಿ.ಬಿ. ರ‍್ಯಾಮ್, 64 ಜಿ.ಬಿ. ಸಂಗ್ರಹ, ಟಿ.ಪಿ.ಎಂ. 2.0 ಎಂಬ ಸುರಕ್ಷತಾ ವ್ಯವಸ್ಥೆ, ಮತ್ತು ಇಂಟೆಲ್ ಆದರೆ ಸ್ಥೂಲವಾಗಿ 8ನೆಯ ಪೀಳಿಗೆಯ ಅಥವಾ ಅದರ ಈಚಿನ ಪ್ರೊಸೆಸರ್ ಅಗತ್ಯ. ನಿಮ್ಮ ಯಂತ್ರ ಅರ್ಹವೇ ಎಂಬುದನ್ನು ಮೈಕ್ರೋಸಾಫ್ಟಿನ ಪಿ.ಸಿ. ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶ ಹೇಳುತ್ತದೆ. ಅರ್ಹವಾಗಿದ್ದರೆ ಏರಿಸಿಕೊಂಡು ನೆಮ್ಮದಿಯಾಗಿರಿ. ಅರ್ಹವಲ್ಲದ್ದನ್ನು ಓದುಬರಹಕ್ಕಷ್ಟೇ ಬಳಸುವುದಾದರೆ ಉಚಿತವಾದ ಲಿನಕ್ಸ್ ಮಿಂಟ್ ಹಾಕಿಸಬಹುದು. ಟ್ಯಾಲಿಯನ್ನು ನಂಬಿದವರಿಗೆ ಈ ದಾರಿ ಸರಿಹೋಗದು.

4. ಯಾವುದಕ್ಕಾಗಿ ಕಾಯುತ್ತಿದ್ದೀರಿ?

ಗಾರ್ಡನ್ ಮೂರ್ ಎಂಬ ತಂತ್ರಜ್ಞನು 1965ರಲ್ಲಿ, ಒಂದು ಚಿಪ್ಪಿನ ಮೇಲೆ ಅಡಕವಾಗುವ ಸೂಕ್ಷ್ಮಾಂಗಗಳ ಸಂಖ್ಯೆ ವರ್ಷವರ್ಷವೂ ಇಮ್ಮಡಿಯಾಗುತ್ತ ಹೋಗುವುದೆಂದು ಊಹಿಸಿ, 1975ರಲ್ಲಿ ಆ ಅವಧಿಯನ್ನು ಎರಡು ವರ್ಷಕ್ಕೆ ತಿದ್ದಿದನು. ಕಾದಷ್ಟೂ ಲಾಭವೆಂಬ ನಂಬಿಕೆಯ ಮೂಲ ಇಲ್ಲಿದೆ. ಇದನ್ನೇ ಹಿಡಿದು ಅರಿಜೋನಾ ವಿಶ್ವವಿದ್ಯಾಲಯದ ಕೆಲವು ಖಗೋಳ ವಿದ್ಯಾರ್ಥಿಗಳು 1999ರಲ್ಲಿ ಅರ್ಧ ವಿನೋದಕ್ಕೂ ಅರ್ಧ ಗಂಭೀರವಾಗಿಯೂ ಒಂದು ಲೆಕ್ಕ ಹಾಕಿದರು. ಹದಿನೆಂಟು ತಿಂಗಳಿಗೊಮ್ಮೆ ವೇಗ ಇಮ್ಮಡಿಯಾಗುವುದೆಂದು ಇಟ್ಟುಕೊಂಡರೆ, ಇಂದಿನ ಯಂತ್ರಕ್ಕೆ ಎಡೆಬಿಡದೆ 26 ತಿಂಗಳಿಗಿಂತ ಹೆಚ್ಚು ಕಾಲ ಹಿಡಿಯುವ ಗಣನೆಯಾದರೆ ಮಾತ್ರ, ಸುಮ್ಮನಿದ್ದು ಮುಂದೆ ಹೊಸ ಯಂತ್ರವನ್ನು ಕೊಂಡು ಆರಂಭಿಸಿದವನು ಮೊದಲು ಮುಗಿಸುತ್ತಾನೆಂದು ಅದರಿಂದ ಸಿದ್ಧವಾಯಿತು. ಕ್ಷಣಾರ್ಧದಲ್ಲಿ ಮುಗಿಯುವ ಟೆಂಡರು, ಬಿಲ್ಲುಗಳಿಗೆ ಈ ಲಾಭದ ಲವಲೇಶವೂ ಸಲ್ಲದೆಂಬುದನ್ನು ಬೇರೆ ಹೇಳಬೇಕೆ?

ಬೆಲೆ ಇಳಿದೇ ತೀರುವುದೆಂಬ ನಂಬಿಕೆಗೂ ಈಚೆಗೆ ಆಧಾರ ಸಡಿಲಿದೆ. ಕೃತಕ ಬುದ್ಧಿಮತ್ತೆಯ ಬೃಹತ್ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಸೆಳೆದುಕೊಳ್ಳತೊಡಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಮೈಕ್ರಾನ್ ಸಂಸ್ಥೆಯಂತೂ ಬಿಡಿ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ವರ್ಷದ ಡಿಸೆಂಬರಿನಲ್ಲಿ ಸಾರಿತು. ಹೊಸ ಚಿಪ್ಪಿನ ಕಾರ್ಖಾನೆ ಎದ್ದುನಿಲ್ಲಲು ವರ್ಷಗಳು ಬೇಕಾದುದರಿಂದ, ಬೇಕಾದಷ್ಟು ರ‍್ಯಾಮನ್ನು ಮುಂದೆ ಸೇರಿಸಿಕೊಂಡರಾಯಿತೆಂದು ಬಿಡದೆ ಖರೀದಿಯ ದಿನವೇ ಹಾಕಿಸಿಕೊಳ್ಳುವುದು ಕ್ಷೇಮ.

ಹೊಸ ಮಾದರಿಗಳಲ್ಲಿ ಎ.ಐ. ಎಂಬ ಮುದ್ರೆ ಎದ್ದು ಕಾಣುತ್ತದೆ. ಕೊಬ್ಬರಿ ಮಂಡಿಯ ಲೆಕ್ಕಕ್ಕೆ ಅದರಿಂದ ಆಗಬೇಕಾದುದು ಏನೂ ಇಲ್ಲ. ಹೊಸ ಮಾದರಿ ಬಂದಾಗ ಹಿಂದಿನ ವರ್ಷದ ಮಾದರಿಯ ಬೆಲೆ ಸಾಮಾನ್ಯವಾಗಿ ತಗ್ಗುವುದರಿಂದ, ಅದನ್ನೇ ಕೊಂಡವನಿಗೆ ಕಾಯುವಿಕೆಯ ಲಾಭ ಕಾಯದೆಯೇ ಕೈಸೇರುತ್ತದೆ. ಒಟ್ಟಿನಲ್ಲಿ, ಗೊತ್ತಾದ ದಿನಾಂಕಕ್ಕೆ ಗೊತ್ತಾದ ಪ್ರಯೋಜನವೊಂದು ಬರುವುದಾದರೆ ಕಾಯಬಹುದು. ಏನಾದರೂ ಬಂದೀತೆಂಬ ನಿರೀಕ್ಷೆಗೆ ಕೊನೆಯೆಂಬುದಿಲ್ಲ.

5. ಕಾಯುವುದರ ಖರ್ಚನ್ನು ಲೆಕ್ಕ ಹಾಕಿ

ಆರು ತಿಂಗಳು ತಡೆದರೆ 3,000 ರೂಪಾಯಿ ಉಳಿಯುವುದೆಂದು ಇಟ್ಟುಕೊಳ್ಳೋಣ. ಹಳೆಯ ಯಂತ್ರ ದಿನಕ್ಕೆ ಅರ್ಧ ಗಂಟೆ ಸತಾಯಿಸಿದರೆ, ತಿಂಗಳಿಗೆ 25 ಕೆಲಸದ ದಿನಗಳಂತೆ ಆರು ತಿಂಗಳಿಗೆ 75 ಗಂಟೆ ವ್ಯರ್ಥ. ಗುಮಾಸ್ತರ ಗಂಟೆಯ ಸಂಬಳ 60 ರೂಪಾಯಿಯಾದರೂ ನಷ್ಟ 4,500 ರೂಪಾಯಿ. ಹರಾಜಿನ ದಿನ ಗಡುವು ಮೀರಿ ಟೆಂಡರ್ ತಪ್ಪಿದರೆ ಆಗುವ ಹಾನಿ ಇದರಲ್ಲಿ ಸೇರಿಲ್ಲ. ಹಳೆಯ ಯಂತ್ರ ಸತಾಯಿಸದೆ ನಡೆಯುತ್ತಿದ್ದರೆ ಇದೇ ಲೆಕ್ಕ ಕಾಯುವುದರ ಪಕ್ಷಕ್ಕೆ ವಾಲುತ್ತದೆ.

ತೆರಿಗೆಯ ಲೆಕ್ಕವನ್ನೂ ಮರೆಯಬಾರದು. ಕಂಪ್ಯೂಟರಿನ ಮೇಲೆ ಜಿ.ಎಸ್.ಟಿ. ಶೇಕಡಾ 18, ಎಂದರೆ 50,000 ರೂಪಾಯಿಯ ಯಂತ್ರಕ್ಕೆ 9,000. ಸಾಮಾನ್ಯ ಕ್ರಮದಲ್ಲಿ ನೋಂದಾಯಿತರಾದ ವರ್ತಕರು ತಮ್ಮ ಜಿ.ಎಸ್.ಟಿ. ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಯಿಸಿದರೆ ಈ ಮೊತ್ತವನ್ನು ಹೂಡುವಳಿ ತೆರಿಗೆಯಾಗಿ ಹೊಂದಿಸಿಕೊಳ್ಳಬಹುದು. ಲೆಕ್ಕಪತ್ರವಿಟ್ಟು ಆದಾಯ ತೆರಿಗೆ ಸಲ್ಲಿಸುವವರಿಗೆ ಕಂಪ್ಯೂಟರಿನ ಮೇಲೆ ವರ್ಷಕ್ಕೆ ಶೇಕಡಾ 40ರ ಸವಕಳಿ ದೊರೆಯುತ್ತದೆ; ಆ ಆರ್ಥಿಕ ವರ್ಷದಲ್ಲಿ 180 ದಿನಕ್ಕಿಂತ ಕಡಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಉಳಿದದ್ದು ಮುಂದಿನ ವರ್ಷಗಳಿಗೆ ಸಾಗುವುದಾದರೂ, ಸೆಪ್ಟೆಂಬರ್ ಒಳಗೆ ಕೊಂಡವರಿಗೆ ಪೂರ್ಣ ಸವಕಳಿ ಆ ವರ್ಷವೇ ಸಿಗುವುದನ್ನು ದಸರಾ, ದೀಪಾವಳಿಯ ರಿಯಾಯಿತಿಯೊಡನೆ ತೂಗಿ ನೋಡತಕ್ಕದ್ದು.

6. ಕೊಳ್ಳುವುದು ನಿಶ್ಚಯವಾದ ಮೇಲೆ

ಲೆಕ್ಕಪತ್ರದ ಕೆಲಸಕ್ಕೆ ಐ3 ಅಥವಾ ರೈಜೆನ್ 3 ವರ್ಗದ ಪ್ರೊಸೆಸರ್, 8 ಜಿ.ಬಿ. ರ‍್ಯಾಮ್, 512 ಜಿ.ಬಿ. ಎಸ್.ಎಸ್.ಡಿ. ಸಾಕು. ವಿದ್ಯಾರ್ಥಿಗೂ ವಿನ್ಯಾಸಗಾರನಿಗೂ ಐ5 ಅಥವಾ ರೈಜೆನ್ 5, ಜೊತೆಗೆ 16 ಜಿ.ಬಿ. ರ‍್ಯಾಮ್ ಇರಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆಯ್ಕೆ ಹೆಚ್ಚು. ಆದರೆ ಕೆಟ್ಟಾಗ ಹೊತ್ತುಕೊಂಡು ರೈಲು ಹತ್ತಬೇಕಾದೀತು. ವಾರಂಟಿಯ ಅವಧಿಯಲ್ಲಿ ದುರಸ್ತಿಯವರು ತುರುವೇಕೆರೆಗೋ ಚಿಕ್ಕನಾಯಕನಹಳ್ಳಿಗೋ ತಾವೇ ಬರುವರೇ, ತುಮಕೂರಿಗೆ ನಾವೇ ಒಯ್ಯಬೇಕೇ ಎಂಬುದನ್ನು ಹಣ ಕೊಡುವ ಮುಂಚೆ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಿ.

ಪಂಪ್‌ಸೆಟ್ಟುಗಳೆಲ್ಲ ಒಮ್ಮೆಗೇ ಚಾಲೂ ಆದಾಗ ವೋಲ್ಟೇಜ್ ಕುಸಿಯುವ ನಮ್ಮ ಊರುಗಳಲ್ಲಿ ಡೆಸ್ಕ್‌ಟಾಪಿಗೆ ಯು.ಪಿ.ಎಸ್. ಇಲ್ಲದೆ ಸಾಗದು, ಅದರ ಬೆಲೆಯನ್ನು ಮೊದಲೇ ಅಂದಾಜಿನಲ್ಲಿ ಸೇರಿಸಿ. ಅರ್ತಿಂಗ್ ಸರಿಯಿದೆಯೇ ಎಂದು ಪರೀಕ್ಷೆ ಮಾಡಿಸಿ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ವಿದ್ಯುತ್ತಿನ ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ಕಿತ್ತಿಡುವುದನ್ನು ರೂಢಿಸಿಕೊಳ್ಳಿ.

ಹಳೆಯ ಯಂತ್ರವನ್ನು ಕೊಡುವ ಮುನ್ನ ಟ್ಯಾಲಿಯ ದತ್ತಾಂಶವನ್ನು ಎರಡು ಕಡೆ ನಕಲು ಮಾಡಿ, ಹೊಸದರಲ್ಲಿ ತೆರೆದು ನೋಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದಿಟ್ಟ ಕನ್ನಡ ಕಡತಗಳು ಆ ಫಾಂಟುಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದರಿಂದ, ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು. ಬಳಿಕ ಡಿಸ್ಕನ್ನು ಹೊರತೆಗೆದಿಟ್ಟುಕೊಂಡು ಉಳಿದದ್ದನ್ನಷ್ಟೇ ವಿಲೇವಾರಿ ಮಾಡಿ.

ನಿರ್ಣಯದ ಸಾರ ಇಷ್ಟು: ಶುಚಿಗೊಳಿಸಿ ಎಸ್.ಎಸ್.ಡಿ. ಹಾಕಿಸಿದ ಮೇಲೆ ಯಂತ್ರ ಸರಾಗವಾಗಿ ನಡೆದು, ವಿಂಡೋಸ್ 11ಕ್ಕೂ ಅರ್ಹವಾಗಿದ್ದರೆ ಕೊಳ್ಳಬೇಡಿ. ಅರ್ಹವಲ್ಲದೆ, ಹಣಕಾಸಿನ ವ್ಯವಹಾರವೂ ಅದರ ಮೇಲೆಯೇ ನಡೆಯುತ್ತಿದ್ದರೆ ಈಗಲೇ ಕೊಳ್ಳಿ. ಇವೆರಡರ ನಡುವೆ ಇರುವವರು ಕಾಯಬಹುದು. ಆದರೆ ಎಲ್ಲಿಯವರೆಗೆ, ಯಾವ ಲಾಭಕ್ಕಾಗಿ ಎಂಬುದನ್ನು ಮೊದಲ ಹಂತದ ಹಾಳೆಯ ಕೆಳಗೆ ದಿನಾಂಕ ಸಹಿತ ಬರೆದಿಟ್ಟು, ಆ ದಿನಕ್ಕೆ ಲಾಭ ಕಾಣದಿದ್ದರೆ ಮತ್ತೆ ಮುಂದೂಡದೆ ಅಂಗಡಿಗೆ ಹೋಗಬೇಕು.