ತಾಮ್ರದ ತಂತಿಗೆ ಕಲಾಯಿ

ಮಕ್ಕಳೇ, ರತ್ನಗಿರಿಯ ಕೋಟೆಯ ಕೆಳಗಿನ ಹೊಲಗಳಿಗೆ ಕೊಳವೆಬಾವಿಯ ನೀರನ್ನೆತ್ತುವುದು ವಿದ್ಯುತ್ ಮೋಟಾರು. ಅದಕ್ಕೆ ವಿದ್ಯುತ್ತನ್ನು ತರುವ ತಂತಿಗಳನ್ನು ಅಂಗಡಿಯಲ್ಲಿ ಗಮನಿಸಿದ್ದೀರಾ? ಕೆಲವು ಕೆಂಪಗೆ, ಕೆಲವು ಬೆಳ್ಳಗೆ ಹೊಳೆಯುತ್ತವೆ. ಆದರೆ ಬೆಳ್ಳಗಿರುವುದೆಲ್ಲ ಅಲ್ಯೂಮಿನಿಯಂ ಅಲ್ಲ, ಕೆಂಪಗಿರುವುದೆಲ್ಲ ತಾಮ್ರವೂ ಅಲ್ಲ.

ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದುದನ್ನು ನಿಮ್ಮ ಅಜ್ಜಿ ಬಲ್ಲರು. ಕಲಾಯಿ ಎಂದರೆ ತವರದ ತೆಳುವಾದ ಲೇಪ. ತಾಮ್ರದ ತಂತಿಗೂ ತವರ ಲೇಪಿಸುತ್ತಾರೆ. ಹಿಂದೆ ತಂತಿಗಳಿಗೆ ರಬ್ಬರಿನ ಹೊದಿಕೆ ಇರುತ್ತಿತ್ತು. ರಬ್ಬರಿಗೆ ಬೆರೆಸಿದ ಗಂಧಕವು ತಾಮ್ರವನ್ನು ಕಪ್ಪಾಗಿಸಿ ಕೆಡಿಸುತ್ತಿತ್ತು. ತವರವು ಅದನ್ನು ತಡೆಯಿತು. ಬೆಸುಗೆ ಹಾಕಲೂ ಅನುಕೂಲವಾಯಿತು.

ತವರದ ರೋಧಶೀಲತೆ ತಾಮ್ರದ್ದಕ್ಕಿಂತ ಆರು ಪಟ್ಟಿಗೂ ಹೆಚ್ಚು. ಹಾಗಾದರೆ ಲೇಪ ಹಾಕಿದ ತಂತಿಯ ರೋಧ ಹೆಚ್ಚಬೇಕಲ್ಲವೆ? ಇಲ್ಲ! ತವರವು ತಾಮ್ರದ ದಾರಿಗೆ ಅಡ್ಡವಾಗಿ ನಿಂತಿಲ್ಲ, ಉದ್ದಕ್ಕೂ ಪಕ್ಕದಲ್ಲಿದೆ. ಇದು ಸಮಾಂತರ ಜೋಡಣೆ. ದೊಡ್ಡ ಕಾಲುವೆಯ ಪಕ್ಕದಲ್ಲಿ ಕಿರುಗಾಲುವೆ ತೋಡಿದರೆ ಹರಿಯುವ ನೀರು ಕಡಿಮೆಯಾದೀತೆ? 1 ಮಿ.ಮೀ. ವ್ಯಾಸದ ತಾಮ್ರದ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ 0.785 ಚ.ಮಿ.ಮೀ. ಅದರ ಮೇಲೆ 0.002 ಮಿ.ಮೀ. ದಪ್ಪ ತವರ ಬಳಿದರೆ, ತವರದ ವಿಸ್ತೀರ್ಣ ಸುಮಾರು 0.006 ಚ.ಮಿ.ಮೀ. ಮಾತ್ರ. ಲೇಪವೂ ಸೇರಿ ವ್ಯಾಸ 1 ಮಿ.ಮೀ. ಮೀರಬಾರದೆಂದರೆ ತಾಮ್ರ ಅಷ್ಟು ಕಡಿಮೆಯಾಗುತ್ತದೆ. ಆಗಲೂ ನಷ್ಟ ನೂರಕ್ಕೆ ಒಂದರಷ್ಟಿಲ್ಲ.

ತಂತಿಗಳನ್ನು ಕೂಡಿಸುವ ಜಾಗದಲ್ಲಿ ಮಾತ್ರ ವಿದ್ಯುತ್ತು ಲೇಪವನ್ನು ದಾಟಬೇಕು. ಅಲ್ಲಿಯೂ ತವರದಿಂದ ಉಪಕಾರವೇ. ಬರಿಯ ತಾಮ್ರದ ಮೇಲೆ ಕಟ್ಟುವ ಆಕ್ಸೈಡಿನ ಪದರವೇ ಹೆಚ್ಚು ತೊಂದರೆ ಕೊಡುತ್ತದೆ.

ಬೆಳ್ಳಿಯು ತಾಮ್ರಕ್ಕಿಂತ ನೂರಕ್ಕೆ ಸುಮಾರು ಆರರಷ್ಟು ಉತ್ತಮ ವಾಹಕ. ಆದರೂ ಮನೆಯ ತಂತಿಗೆ ಅದನ್ನು ಬಳಿದರೆ ಹಣ ದಂಡ.

ಎಚ್ಚರ ಬೇಕಾದದ್ದು ಇನ್ನೊಂದರಲ್ಲಿ. ಅಲ್ಯೂಮಿನಿಯಂ ಮೇಲೆ ತಾಮ್ರ ಹೊದಿಸಿದ ತಂತಿಯೂ ಉಂಟು. ನೋಡಲು ಅಪ್ಪಟ ತಾಮ್ರ. ಆದರೆ ಅದೇ ದಪ್ಪದ ತಾಮ್ರದ ತಂತಿಗಿಂತ ಅದರ ರೋಧ ಒಂದೂವರೆ ಪಟ್ಟಿಗೂ ಹೆಚ್ಚು. ಅಷ್ಟೇ ವಿದ್ಯುತ್ತು ಹರಿದರೂ ಶಾಖವೂ ಅಷ್ಟು ಪಟ್ಟು ಹೆಚ್ಚು ಹುಟ್ಟುತ್ತದೆ. ಹೊದಿಕೆ ಕರಗಿ ಬೆಂಕಿ ಹತ್ತಬಹುದು. ತಾಮ್ರವೆಂದು ಇದನ್ನು ಮಾರುವವರಿದ್ದಾರೆ. ಆದ್ದರಿಂದ ಯಾವುದಕ್ಕೂ ಜೋಡಿಸದ ತುಂಡೊಂದನ್ನು ತೆಗೆದುಕೊಂಡು, ಹಿರಿಯರ ಎದುರಿನಲ್ಲಿ ಚಾಕುವಿನಿಂದ ಕೆರೆದು ನೋಡಿ. ಹೊರಗೆ ಬಿಳುಪು, ಒಳಗೆ ಕೆಂಪು ಕಂಡರೆ ಕಲಾಯಿ ಹಾಕಿದ ತಾಮ್ರ. ಹೊರಗೆ ಕೆಂಪು, ಒಳಗೆ ಬಿಳುಪು ಕಂಡರೆ ಮೋಟಾರಿಗೆ ಜೋಡಿಸಬೇಡಿ.

ಡಿಶ್ ಆಂಟೆನಾದ ಕೇಬಲಿನ ನಡುತಂತಿ ಅಯಸ್ಕಾಂತಕ್ಕೆ ಅಂಟಿಕೊಂಡರೆ ಮಾತ್ರ ಅಂಗಡಿಯವರನ್ನು ಬೈಯಬೇಡಿ. ಅದು ತಾಮ್ರ ಹೊದಿಸಿದ ಉಕ್ಕು. ಸೆಕೆಂಡಿಗೆ ನೂರು ಕೋಟಿ ಸಲ ಕಂಪಿಸುವ ವಿದ್ಯುತ್ತು ತಾಮ್ರದ ಮೇಲ್ಪದರದ ಸುಮಾರು 0.002 ಮಿ.ಮೀ. ಆಳದಲ್ಲಿಯೇ ಹರಿಯುತ್ತದೆ, ಒಳಗಿನ ಉಕ್ಕು ಅದಕ್ಕೆ ಗೊತ್ತೇ ಆಗುವುದಿಲ್ಲ.