ಎರಡನೆಯ ಕೈ ಬೇಗ ಬರಲಿ

ತಮ್ಮಾ, ಬಿ.ಪಿ.ಇಡಿ. ಮುಗಿಸಿ ಬಂದು ಸೊಲ್ಲಾಪುರ ರಸ್ತೆಯ ಬದಿಯ ಬಯಲಿನಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕಬಡ್ಡಿ ಕಲಿಸಲು ನಿಂತಿದ್ದೀಯ. ತಿಕೋಟಾ, ಬಬಲೇಶ್ವರದ ಕಡೆಯಿಂದಲೂ ಹುಡುಗರು ಬರುತ್ತಾರೆಂದು ಕೇಳಿ ಸಂತೋಷವಾಯಿತು. ಬಂದವರಲ್ಲಿ ಬಹಳ ಮಂದಿ ರೈಡರ್ ಆಗಬೇಕು ಅನ್ನುತ್ತಾರೆ. ಟಿವಿಯಲ್ಲಿ ಪ್ರದೀಪ್ ನರವಾಲ್, ಪವನ್ ಸೆಹ್ರಾವತ್ ಅವರನ್ನು ನೋಡಿ ಬೆಳೆದ ಮಕ್ಕಳು, ಆ ಆಸೆ ಸಹಜ. ಅದನ್ನು ಮುರಿಯಬೇಡ. ಆದರೆ ತಂಡ ಕಟ್ಟುವಾಗ ಮಾತ್ರ ಹಿಡಿಯುವವರಿಂದ ಶುರು ಮಾಡು.

2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ ನೆನಪಿಸಿಕೋ. 1990ರಿಂದ ಒಮ್ಮೆಯೂ ಪುರುಷರ ಚಿನ್ನ ಬಿಟ್ಟುಕೊಡದ ಭಾರತ ಸೆಮಿಫೈನಲ್‌ನಲ್ಲಿ ಇರಾನಿಗೆ 18–27ರಿಂದ ಸೋತಿತು. ನಮ್ಮಲ್ಲಿ ಒಳ್ಳೆಯ ರೈಡರ್‌ಗಳಿಗೇನೂ ಕೊರತೆ ಇರಲಿಲ್ಲ. ಅವರನ್ನು ಮರಳಿ ಮಧ್ಯರೇಖೆ ಮುಟ್ಟಲು ಇರಾನಿನ ಹಿಡಿತ ಬಿಡಲಿಲ್ಲ. ಮರುದಿನ ಮಹಿಳೆಯರ ಫೈನಲ್‌ನಲ್ಲೂ ಇರಾನೇ 27–24ರಿಂದ ಗೆದ್ದಿತು. ಆ ಇರಾನಿ ಹೆಣ್ಣುಮಕ್ಕಳನ್ನು ತಯಾರು ಮಾಡಿದವರು ನಾಸಿಕದ ಶೈಲಜಾ ಜೈನ್. ನಮ್ಮ ಕನ್ನಡಿಗ ಬಿ.ಸಿ. ರಮೇಶ್ ಅವರನ್ನೂ ನೋಡು. ಅವರು ತರಬೇತಿ ಕೊಟ್ಟ ಪುಣೇರಿ ಪಲ್ಟನ್ 2024ರ ಮಾರ್ಚ್ 1ರಂದು ಹರಿಯಾಣ ಸ್ಟೀಲರ್ಸ್ ತಂಡವನ್ನು 28–25ರಿಂದ ಮಣಿಸಿ ಪ್ರೊ ಕಬಡ್ಡಿ ಪ್ರಶಸ್ತಿ ಎತ್ತಿತು. ಅಷ್ಟು ಕಡಿಮೆ ಅಂಕಗಳ ಫೈನಲ್ ಅಂದರೆ ಎರಡೂ ಕಡೆ ಹಿಡಿಯುವವರೇ ಆಟ ನಡೆಸಿದರು ಅಂತಲೇ ಅರ್ಥ.

ಈಗ ಅಂಗಳದ ಲೆಕ್ಕ ನೋಡು. ಗಂಡಸರ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ತಂಡದ ಪಾಲಿಗೆ ಬರುವ ಆಳ ಆರೂವರೆ ಮೀಟರ್ ಮಾತ್ರ. ಬೋನಸ್ ಗೆರೆ ಮಧ್ಯರೇಖೆಯಿಂದ 4.75 ಮೀಟರ್ ದೂರ. ಬೋನಸ್ ಗೆರೆಯ ಹತ್ತಿರ ಯಾರನ್ನೋ ಮುಟ್ಟಿ ತಿರುಗಿದ ರೈಡರ್‌ಗೆ ಮನೆ ಸೇರಲು ಮೂರು ಹೆಜ್ಜೆ ಸಾಕು, ಕೊನೆಯಲ್ಲಿ ಮೈ ಚಾಚಿ ಬಿದ್ದರೆ ಇನ್ನೂ ಕಡಿಮೆ. ಅವನ ಬೆನ್ನ ಹಿಂದೆ ಓಡಿ ಯಾರೂ ಹಿಡಿಯಲಾರರು. ಮಕ್ಕಳು ಮಾತ್ರ ಸದಾ ಬೆನ್ನ ಹಿಂದೆಯೇ ಓಡುತ್ತಾರೆ, ಏಕೆಂದರೆ ಕಣ್ಣಿಗೆ ಕಾಣುವುದು ಬೆನ್ನು. ಬಬಲೇಶ್ವರದ ಕಡೆ ಕಬ್ಬಿಗೆ ನೀರು ಹಾಯಿಸುವ ರೈತ ಕಾಲುವೆ ಒಡೆದರೆ ಹರಿದುಹೋದ ನೀರಿನ ಬೆನ್ನು ಹತ್ತುವುದಿಲ್ಲ, ಅದು ಬರುವ ಜಾಗಕ್ಕೆ ಮೊದಲೇ ಹೋಗಿ ಮಣ್ಣು ಹಾಕುತ್ತಾನೆ. ಆ ಮಕ್ಕಳ ಮನೆಯಲ್ಲೇ ದಿನವೂ ನಡೆಯುವ ಕೆಲಸ ಇದು, ಹೀಗೆ ಹೇಳಿದರೆ ತಕ್ಷಣ ತಿಳಿಯುತ್ತದೆ.

ಲಾಬಿಯನ್ನೂ ಮರೆಯಬೇಡ. ಮುಟ್ಟುವವರೆಗೆ ಅಂಗಳದ ಎರಡೂ ಬದಿಯ ಒಂದೊಂದು ಮೀಟರ್ ಪಟ್ಟಿ ಆಟದ ಹೊರಗೆ. ಮುಟ್ಟಿದ ಕ್ಷಣ ಅದು ಒಳಗೆ ಸೇರುತ್ತದೆ, ಅಂಗಳ ಒಮ್ಮೆಲೇ ಅಗಲವಾಗುತ್ತದೆ. ಜಾಣ ರೈಡರ್ ಆ ಸಂದಿಯಲ್ಲೇ ಜಾರಿ ಹೋಗುತ್ತಾನೆ. ಆದ್ದರಿಂದ ಕಾರ್ನರ್ ಆಟಗಾರ ಲಾಬಿಯ ಕಡೆಯ ದಾರಿ ಮುಚ್ಚಬೇಕು, ಕವರ್ ಆಟಗಾರ ಮಧ್ಯರೇಖೆಯ ಕಡೆಯ ದಾರಿ. ಇಬ್ಬರೂ ಒಂದೇ ದಾರಿಗೆ ಬಂದರೆ ಇನ್ನೊಂದು ತೆರೆದೇ ಉಳಿಯುತ್ತದೆ.

ಅಮೆರಿಕನ್ ಫುಟ್‌ಬಾಲ್ ನಮ್ಮ ಊರಿನ ಆಟವಲ್ಲ, ಆದರೆ ಅದರ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿದೆ. ಅದನ್ನು ಪರ್ಸ್ಯೂಟ್ ಡ್ರಿಲ್ ಎನ್ನುತ್ತಾರೆ. ಒಬ್ಬ ಚೆಂಡು ಹಿಡಿದು ಮೈದಾನದ ಅಂಚಿನಲ್ಲಿ ಓಡುತ್ತಾನೆ. ತಡೆಯುವ ಕಡೆಯ 11 ಜನರೂ ತಂತಮ್ಮ ಜಾಗದಿಂದ ಅವನನ್ನು ಅಡ್ಡಗಟ್ಟಲು ಓಡಬೇಕು. ಒಬ್ಬರ ಹಾದಿಯನ್ನು ಇನ್ನೊಬ್ಬರು ತುಳಿಯಬಾರದು, ಏಕೆಂದರೆ ಅವನು ತಟ್ಟನೆ ಒಳಕ್ಕೆ ತಿರುಗಿದರೆ ಅಲ್ಲೂ ಒಬ್ಬರು ಇರಬೇಕು. ಒಬ್ಬನು ಸೋಮಾರಿಯಾಗಿ ಓಡಿದರೂ ಕೋಚ್ ಇಡೀ ತಂಡವನ್ನು ಮತ್ತೆ ಓಡಿಸುತ್ತಾನೆ. ನಮ್ಮ ಏಳು ಮಂದಿಗೆ ಇದನ್ನು ಹಾಗೆಯೇ ಒಗ್ಗಿಸಬಹುದು.

ಹೇಗೆಂದರೆ, ಮೊದಲ ಕೆಲವು ವಾರ ಹಿಡಿಯುವುದೇ ಬೇಡ. ರೈಡರ್ ಒಬ್ಬನನ್ನು ಬೋನಸ್ ಗೆರೆಯ ಬಳಿ ನಿಲ್ಲಿಸು. ನೀನು ಚಪ್ಪಾಳೆ ತಟ್ಟಿದ ಕೂಡಲೇ ಅವನು ಮಧ್ಯರೇಖೆಗೆ ಓಡಲಿ, ಏಳೂ ಮಂದಿ ಅವನು ದಾಟಬಹುದಾದ ಜಾಗಗಳಿಗೆ ಹೋಗಲಿ. ಎರಡನೆಯ ಚಪ್ಪಾಳೆಗೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಆಗ ಯಾರ ಪಾದ ಎಲ್ಲಿದೆ ಎಂದು ಅವರೇ ನೋಡಿಕೊಳ್ಳಲಿ. ಎಲ್ಲಿ ಸಂದಿ ಬಿಟ್ಟಿದೆ ಎಂದು ನೀನು ಹೇಳುವ ಮೊದಲೇ ಅವರು ಹೇಳುತ್ತಾರೆ. ಆಮೇಲೆ ಇಬ್ಬಿಬ್ಬರಾಗಿ ಕೈ ಹಿಡಿದು ಚೈನ್ ಅಭ್ಯಾಸ ಮಾಡಿಸು: ರೈಡರ್ ಎಡಕ್ಕೆ ಸರಿದರೆ ಜೋಡಿಯೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ, ಪಾದ ಪಾದಕ್ಕೆ ತೊಡರದಂತೆ. ಇದು ಸರಿಯಾದ ಮೇಲೆ ಆಂಕಲ್ ಹೋಲ್ಡ್, ಥೈ ಹೋಲ್ಡ್, ಡ್ಯಾಶ್.

ನನ್ನ ಮುಖ್ಯ ಮಾತು ಎರಡನೆಯವನ ಬಗ್ಗೆ. ಕಾರ್ನರ್ ಆಟಗಾರ ಪಾದ ಹಿಡಿದನು ಎಂದುಕೋ. ಒಂಟಿ ಹಿಡಿತದಲ್ಲಿ ಗಟ್ಟಿ ರೈಡರ್ ನಿಲ್ಲುವುದಿಲ್ಲ, ಎಳೆದುಕೊಂಡೇ ಗೆರೆ ಮುಟ್ಟುತ್ತಾನೆ. ಆ ಹೊತ್ತಿಗೆ ಪಕ್ಕದ ಹುಡುಗ ಏನು ಮಾಡುತ್ತಾನೆ ಎಂಬುದರಲ್ಲಿ ಇಡೀ ಆಟ ಇದೆ. ನಿಯಮ ಕಠಿಣವಾದದ್ದು: ರೈಡರ್ ಬಿಡಿಸಿಕೊಂಡು ಮಧ್ಯರೇಖೆ ಮುಟ್ಟಿದರೆ ಆ ಸೆಣಸಾಟದಲ್ಲಿ ಅವನನ್ನು ಮುಟ್ಟಿದ ಎಲ್ಲರೂ ಔಟ್. ಹೀಗಾಗಿ ಕೆಲವರು ಹೆದರಿ ದೂರ ನಿಲ್ಲುತ್ತಾರೆ, ಕೆಲವರು ಅಂಗಿಯ ತುದಿ ಸವರಿದಂತೆ ಕೈ ಹಾಕಿ ಬಿಡುತ್ತಾರೆ. ಎರಡರಲ್ಲಿ ಕೆಟ್ಟದ್ದು ಎರಡನೆಯದು. ದೂರ ನಿಂತವನು ಕನಿಷ್ಠ ಅಂಗಳದಲ್ಲಿ ಉಳಿಯುತ್ತಾನೆ. ಅರೆಮನಸ್ಸಿನಿಂದ ಮುಟ್ಟಿದವನು ಹಿಡಿದೂ ಇಲ್ಲ, ಉಳಿದೂ ಇಲ್ಲ, ಎದುರಾಳಿಗೆ ಒಂದು ಅಂಕ ಹೆಚ್ಚು ಕೊಟ್ಟು ಹೊರಗೆ ಹೋಗುತ್ತಾನೆ. ಹೋದರೆ ಪೂರ್ತಿ ಮೈ ಹಾಕಿ ಹೋಗಬೇಕು ಎಂದು ಮಕ್ಕಳಿಗೆ ಮತ್ತೆ ಮತ್ತೆ ಹೇಳು. "ಕೈ ಹಾಕಿದಿ ಅಂದ್ರ ಬಿಡಬ್ಯಾಡೋ" ಎಂದು ನಮ್ಮ ಹಳ್ಳಿಯ ಅಂಗಳಗಳಲ್ಲಿ ಹಿರಿಯರು ಕೂಗುವುದು ಇದಕ್ಕೇ. ಅಂಗಳದಲ್ಲಿ ಮೂವರೇ ಉಳಿದಾಗ ಇದು ಇನ್ನೂ ಮುಖ್ಯ. ಆಗ ಹಿಡಿದರೆ ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಅಂಕ. ಮೂವರಿಗೆ ಅಳುಕುವ ಪುರುಸೊತ್ತು ಇರುವುದಿಲ್ಲ.

ಇದರ ಜೊತೆಗೇ ಮೈಯ ಜಾಗ್ರತೆ ಕಲಿಸು. ಈ ಮಾತನ್ನು ಹಗುರಾಗಿ ತೆಗೆದುಕೊಳ್ಳಬೇಡ. ಪಾದ ಹಿಡಿಯಲು ಬಗ್ಗುವ ಹುಡುಗನ ತಲೆ ರೈಡರ್‌ನ ಮೊಣಕಾಲಿನ ನೇರಕ್ಕೆ ಬರಬಾರದು, ಪಕ್ಕಕ್ಕಿರಬೇಕು. ಡ್ಯಾಶ್ ಭುಜದ್ದು, ತಲೆಯದ್ದಲ್ಲ. ಅಮೆರಿಕದಲ್ಲಿ ಸಿಯಾಟಲ್ ಸೀಹಾಕ್ಸ್ ತಂಡದ ಕೋಚ್ ಪೀಟ್ ಕ್ಯಾರೊಲ್ 2014ರಲ್ಲಿ ರಗ್ಬಿಯ ಕ್ರಮ ನೋಡಿ, ತಲೆಯನ್ನು ದೂರವಿಟ್ಟು ಭುಜದಿಂದ ಹಿಡಿಯುವುದು ಹೇಗೆಂದು ವಿಡಿಯೊ ಮಾಡಿ ಇತರ ಕೋಚ್‌ಗಳಿಗೂ ಹಂಚಿದರು. ಹೆಲ್ಮೆಟ್ ಹಾಕಿ ಆಡುವವರೇ ಅಷ್ಟು ಎಚ್ಚರ ವಹಿಸುವಾಗ ಬರಿತಲೆಯಲ್ಲಿ ಆಡುವ ನಮ್ಮ ಮಕ್ಕಳಿಗೆ ಎಷ್ಟು ಬೇಕು ಯೋಚಿಸು. ಕತ್ತರಿ ಹಿಡಿತ, ಬಾಯಿ ಮುಚ್ಚುವುದು, ಕೂದಲು ಎಳೆಯುವುದು ನಿಯಮಕ್ಕೆ ವಿರುದ್ಧ. ಅಭ್ಯಾಸದಲ್ಲೂ ಒಮ್ಮೆಯೂ ಬಿಡಬೇಡ. ತಲೆಗೆ ಪೆಟ್ಟು ಬಿದ್ದು ಮಗು ಮಂಕಾದರೆ, ವಾಂತಿ ಮಾಡಿದರೆ, ಮಾತು ತಡವರಿಸಿದರೆ ಆ ದಿನ ಅದರ ಆಟ ಮುಗಿಯಿತು. ಬಿ.ಎಲ್.ಡಿ.ಇ. ಆಸ್ಪತ್ರೆ ಇದೇ ರಸ್ತೆಯಲ್ಲಿದೆ, ತಡಮಾಡದೆ ಕರೆದುಕೊಂಡು ಹೋಗು. ನಾಳೆ ನೋಡೋಣ ಅನ್ನಬೇಡ.

ಅಂಗಳವನ್ನೂ ನೋಡಿಕೋ. ನಮ್ಮ ಎರಿಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಾಲಿಗೆ ಮೆತ್ತುತ್ತದೆ. ಬಿರುಕಿನಲ್ಲಿ ಪಾದ ಸಿಕ್ಕಿ ಮೊಣಕಾಲು ತಿರುಚಿದರೆ ಒಂದು ವರ್ಷದ ಆಟ ಹೋಯಿತು. ಕಲ್ಲು ಆರಿಸಿ, ಮಣ್ಣು ತುಂಬಿ, ನೀರು ಹೊಡೆದು ಗಟ್ಟಿ ಮಾಡಿದ ಮೇಲೆಯೇ ಮಕ್ಕಳನ್ನು ಇಳಿಸು. ಹೆಣ್ಣುಮಕ್ಕಳ ಅಂಗಳ ಬೇರೆ, 12 ಮೀಟರ್ ಉದ್ದ, 8 ಮೀಟರ್ ಅಗಲ. ಹುಡುಗರ ಗೆರೆಯಲ್ಲೇ ಅವರನ್ನು ಆಡಿಸಿದರೆ ಓಟದ ಅಂದಾಜೇ ತಪ್ಪುತ್ತದೆ, ಬೇರೆ ಗೆರೆ ಹಾಕು. ಕಾರ್ಕಳ ತಾಲ್ಲೂಕಿನ ಹಳ್ಳಿಯಿಂದ ಬಂದ ಮಮತಾ ಪೂಜಾರಿ ಭಾರತ ತಂಡದ ನಾಯಕಿಯಾದರು, ಅರ್ಜುನ ಪ್ರಶಸ್ತಿ ಪಡೆದರು. ತಿಕೋಟಾದ ಹುಡುಗಿಗೂ ಅದು ದೂರದ್ದಲ್ಲ, ಆದರೆ ಅವಳು ಕತ್ತಲಾಗುವ ಮೊದಲು ಬಸ್ಸು ಹತ್ತಿ ಮನೆ ಸೇರುವಂತೆ ನಿನ್ನ ಅಭ್ಯಾಸ ಮುಗಿಯಬೇಕು. ಅವಳ ತಂದೆತಾಯಿ ನಿನ್ನನ್ನು ನಂಬಿದರೆ ಮಾತ್ರ ಅವಳು ಮರುದಿನ ಬರುತ್ತಾಳೆ.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ, ಈ ವಾರದಿಂದಲೇ ಮಾಡು. ಅಂಕಪಟ್ಟಿಯಲ್ಲಿ ಮೊದಲು ಹಿಡಿದವನ ಹೆಸರು ಬರುತ್ತದೆ, ಓಡಿ ಬಂದು ಸೊಂಟ ಹಿಡಿದು ರೈಡರ್‌ನನ್ನು ನಿಲ್ಲಿಸಿದವನ ಹೆಸರು ಬರುವುದಿಲ್ಲ. ನೀನೊಂದು ವಹಿ ಇಟ್ಟು ಆ ಎರಡನೆಯ, ಮೂರನೆಯ ಮಕ್ಕಳ ಹೆಸರು ಪ್ರತಿ ಆಟಕ್ಕೂ ಬರೆ. ಅಭ್ಯಾಸ ಮುಗಿದ ಮೇಲೆ ಎಲ್ಲರ ಮುಂದೆ ಆ ಹೆಸರುಗಳನ್ನು ಓದು.